ಹಿಂದಿನ ಸೀಟಿನ ಜೆಸ್ಟರ್, ಮುಂದಿನ ಸೀಟಿನ ಪೆಟ್ರೊವಿಚ್

ಡಿಸಿಎಸ್ ಅನ್ನುವ ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ ನಾನು ಹಾರುವುದು ಒಬ್ಬನೇ. ಇಷ್ಟವಾದ ಯಂತ್ರಗಳು ಮಾತ್ರ ಇಬ್ಬರು ಕೂರುವಂಥವು. 2019ರಲ್ಲಿ ಆಟಕ್ಕೆ ಬಂದ ಎಫ್-14 ಟಾಮ್‌ಕ್ಯಾಟ್ ವಿಮಾನದಲ್ಲಿ ಹಿಂದೆ ಜೆಸ್ಟರ್ ಇರುತ್ತಾನೆ. 2021ರ ಎಂಐ-24ಪಿ ಹೆಲಿಕಾಪ್ಟರ್‌ನಲ್ಲಿ ಮುಂದೆ ಪೆಟ್ರೊವಿಚ್. ಇಬ್ಬರನ್ನೂ ಆಡಿಸುವುದು ಕಂಪ್ಯೂಟರ್ರೇ.

ಜೆಸ್ಟರ್ ಬಾಯಿಬಡುಕ. ಶತ್ರು ವಿಮಾನ ಕಂಡರೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ದಿಕ್ಕು ಕೂಗುತ್ತಾನೆ. ಟಾಮ್‌ಕ್ಯಾಟ್‌ನಲ್ಲಿ ರೇಡಾರ್ ಹಿಂದಿನವನ ಕೈಯಲ್ಲಿರುತ್ತದೆ. ದೂರದ ಗುರಿ ಹುಡುಕಲು ಅವನೇ ಗತಿ. ಒಂದು ಸಂಜೆ, ಪರದೆ ಮೇಲಿದ್ದ ಮಿಗ್ ಇದ್ದಕ್ಕಿದ್ದಂತೆ ಮಾಯ. ಚಕ್ರದಂಥ ಮೆನು ತೆರೆದು ಆಜ್ಞೆ ಮೇಲೆ ಆಜ್ಞೆ ಕೊಟ್ಟೆ, ಬಾಯಿಗೆ ಬಂದಂತೆ ಬೈದೆ. ಕೊನೆಗೆ ಕೀಬೋರ್ಡಿನಲ್ಲಿ 2 ಒತ್ತಿ ನಾನೇ ಹಿಂದಿನ ಸೀಟಿಗೆ ಹೋದೆ. ನನಗೂ ಕಾಣಲಿಲ್ಲ! ಮಿಗ್ ನಮಗೆ ಅಡ್ಡಲಾಗಿ ತಿರುಗಿತ್ತು. ಹತ್ತಿರವೂ ಬರದ, ದೂರವೂ ಹೋಗದ ಗುರಿಯನ್ನು ವೇಗ ನೋಡಿ ಗುರಿ ಗುರುತಿಸುವ ಡಾಪ್ಲರ್ ರೇಡಾರ್ ನೆಲದಿಂದ ಮರಳಿದ ಗದ್ದಲ ಅಂದುಕೊಂಡು ಸೋಸಿ ಬಿಸಾಡುತ್ತದೆ. ಪಾಪ, ಅವನದೇನು ತಪ್ಪು? ಆದರೆ ಮುಂದೆ ಕೂತವನಿಗೆ ರೇಡಾರಿನ ಮಿತಿಯೂ ಜೊತೆಗಾರನ ಪೆದ್ದುತನವೂ ಒಂದೇ ಥರ ಕಾಣುತ್ತವೆ. ಇಂಥ ಪಾತ್ರ ಕಟ್ಟುವವರಿಗೆ ದೊಡ್ಡ ತಲೆನೋವು ಇದೇ ಅಲ್ವಾ?

ಪೆಟ್ರೊವಿಚ್‌ಗೆ ಈ ತಾಪತ್ರಯ ಕಮ್ಮಿ. ಮಾತೂ ಕಮ್ಮಿ. ಎಲ್ಲಿ ನೋಡಬೇಕೆಂದು ತೋರಿಸಿದರೆ ಹುಡುಕಿ, ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ ಮುಂದಿಡುತ್ತಾನೆ. ಆರಿಸಿ ಒಪ್ಪಿಗೆ ಕೊಟ್ಟರೆ ಶ್ಟುರ್ಮ್ ಕ್ಷಿಪಣಿ ಬಿಡುತ್ತಾನೆ. ಅದು ಗುರಿ ಮುಟ್ಟುವವರೆಗೂ ಅವನು ದುರ್ಬೀನಿನಲ್ಲಿ ಕಣ್ಣು ನೆಟ್ಟಿರಬೇಕು, ನಾನು ಹೆಲಿಕಾಪ್ಟರಿನ ಮೂತಿ ಆ ಕಡೆಗೇ ಹಿಡಿದಿರಬೇಕು. ಐದು ಕಿಲೋಮೀಟರಿಗೆ ಹತ್ತು ಸೆಕೆಂಡಿಗಿಂತ ಜಾಸ್ತಿಯೇ ಬೇಕು. ಕೆಳಗಿಂದ ಗುಂಡು ಹಾರಿ ಬರುವಾಗ ಅದು ಯುಗದ ಹಾಗೆ. ಮೊದಲ ಸಲ ಹೆದರಿ ಎಡಕ್ಕೆ ಹೊರಳಿಸಿದೆ, ಕ್ಷಿಪಣಿ ಹೊಲಕ್ಕೆ ಬಿತ್ತು. ಯಾರದು ತಪ್ಪು ಅಂತ ಕೇಳುವ ಹಾಗೇ ಇರಲಿಲ್ಲ. ಮೂತಿ ಎಷ್ಟು ತಿರುಗಿದರೆ ಸರಿ ಅನ್ನುವುದು ಕಣ್ಣೆದುರೇ ಇತ್ತು.

2024ರ ಎಫ್-4ಇ ಫ್ಯಾಂಟಮ್ ವಿಮಾನದಲ್ಲೂ ಜೆಸ್ಟರ್ ಇದ್ದಾನೆ, ಮೆನು ಹೊಸದು. ಅವನ ಜೊತೆ ಇನ್ನೂ ಹೆಚ್ಚು ಹಾರಿಲ್ಲ, ಹಾಗಾಗಿ ಸುಮ್ನಿರುತ್ತೇನೆ.

ಕೆಲಸ ಮುಗಿಯಬೇಕಾದ ದಿನ ನನಗೆ ಪೆಟ್ರೊವಿಚ್ಚೇ ಬೇಕು. ಆದರೆ ರಾತ್ರಿ ಹೊತ್ತು ಸಮುದ್ರದ ಮೇಲೆ ಇಳಿಯಬೇಕಾದ ಹಡಗು ಹುಡುಕಿಕೊಂಡು ಹೊರಟಾಗ, ಹಿಂದೆ ಆ ಬಾಯಿಬಡುಕ ಇಲ್ಲದಿದ್ದರೆ ಯಾಕೋ ಸರಿ ಹೋಗುವುದಿಲ್ಲ.