ದೇವರಾಯನದುರ್ಗದಿಂದ ಮಧುಗಿರಿ ನಡಿಗೆ ಪ್ಯಾಕೇಜು: ಹುಡುಗರಿಗೆ ಫುಲ್ ಮಾರ್ಕ್ಸ್, ದಾರಿಗೆ ಮಾತ್ರ ಯಾರೂ ದಿಕ್ಕಿಲ್ಲ

ತುಮಕೂರಿನ ನಾಲ್ಕೈದು ಹುಡುಗರು ಸೇರ್ಕೊಂಡು ನಡೆಸ್ತಿರೋ ಮೂರು ದಿನದ ನಡಿಗೆ ಪ್ಯಾಕೇಜಿಗೆ ಹೋಗ್ಬಂದೆ. ನಾಮದ ಚಿಲುಮೆಯಿಂದ ಶುರು, ದೇವರಾಯನದುರ್ಗ ಹತ್ತಿ ಆಚೆ ಇಳಿದು ಕೊರಟಗೆರೆ ಕಡೆ, ಅಲ್ಲಿಂದ ಸಿದ್ದರಬೆಟ್ಟ, ಕೊನೇಗೆ ಮಧುಗಿರಿ. ತಲೆಗೆ 4,000 ರೂಪಾಯಿ, ಊಟ, ಮಲಗೋ ಜಾಗ, ಗೈಡ್, ಪರ್ಮಿಷನ್ ಎಲ್ಲ ಸೇರಿ. ಸರ್ವೀಸ್ ಚೆನ್ನಾಗಿದೆ, ಧೈರ್ಯವಾಗಿ ಹೋಗಿ.

ಊಟದ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಹೊರಡೋ ದಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ರಾತ್ರಿ ಹಳ್ಳಿ ಮನೆಗಳಲ್ಲಿ ಮುದ್ದೆ ಅವರೆಕಾಳು ಸಾರು. ಮಲಗೋಕೆ ಜಗಲಿ, ಚಾಪೆ, ಕಂಬಳಿ, ಟಾಯ್ಲೆಟ್ ಕ್ಲೀನ್ ಇತ್ತು. ಕೊರಟಗೆರೆ ಹತ್ರ ಉಳ್ಕೊಂಡಿದ್ದ ಮನೆ ಅಮ್ಮ "ಇನ್ನೊಂದು ಮುದ್ದೆ ಇಕ್ಕುಸ್ಕಳಪ್ಪ, ನಾಳೆ ಬೆಟ್ಟ ಹತ್ತಬೇಕಲ್ಲ" ಅಂತ ಬಲವಂತ ಮಾಡಿ ಬಡಿಸಿದ್ರು. ಆ ಮನೆಗೆ ಪ್ರತಿ ಬ್ಯಾಚಿಂದ ದುಡ್ಡು ನೇರ ಹೋಗತ್ತೆ, ಇದು ನಂಗೆ ತುಂಬ ಇಷ್ಟ ಆಯ್ತು.

ಗೈಡ್ ಹುಡುಗ ಅಂತೂ ಬಂಗಾರ. ದುರ್ಗದ ಮೇಲೆ ನಿಂತು ಇದೇ ಗುಡ್ಡಸಾಲಲ್ಲಿ ಶಿಂಷಾನೂ ಹುಟ್ಟತ್ತೆ ಜಯಮಂಗಲಿನೂ ಹುಟ್ಟತ್ತೆ, ಒಂದು ದಕ್ಷಿಣಕ್ಕೆ ಹೋಗಿ ಕಾವೇರಿ ಸೇರತ್ತೆ, ಇನ್ನೊಂದು ಉತ್ತರಕ್ಕೆ ಹೋಗಿ ಪೆನ್ನಾರ್ ಸೇರತ್ತೆ, ನಾವೀಗ ಜಯಮಂಗಲಿ ಹೋಗೋ ಕಡೆಗೇ ನಡೀತೀವಿ ಅಂತ ಕೈ ತೋರಿಸಿ ಹೇಳ್ದ. ಹುಟ್ಟಿ ಬೆಳೆದ ಜಿಲ್ಲೇನ ಕಾಲ್ನಡಿಗೇಲಿ ನೋಡೋದೇ ಬೇರೆ, ಬಸ್ಸಲ್ಲಿ ಕೂತು ಮಧುಗಿರಿಗೆ ಹೋದ್ರೆ ಇದ್ಯಾವುದೂ ಗೊತ್ತಾಗಲ್ಲ.

ಈಗ ದಾರಿ ವಿಷಯ. ದುರ್ಗ ಇಳಿಯೋ ಕಡೆ ಲಂಟಾನ ಎದೆಮಟ್ಟ ಬೆಳ್ಕೊಂಡಿದೆ. ಪ್ರತಿ ಬ್ಯಾಚಿಗೆ ಮುಂಚೆ ಇಬ್ಬರು ಹುಡುಗರು ಮಚ್ಚು ಹಿಡ್ಕೊಂಡು ಹೋಗಿ ಸವರಿ ಬರ್ತಾರಂತೆ, ಒಂದು ಮಳೆ ಬಿದ್ರೆ ಮತ್ತೆ ಅಷ್ಟೇ. ಕಲ್ಲಿನ ಮೇಲೆ ಬಳಿದಿರೋ ಬಾಣದ ಗುರುತು ಅರ್ಧ ಅಳಿಸಿಹೋಗಿದೆ. ಒಂದು ಕಡೆ ಯಾರೋ ಹಿಂದೆ ಹಾಕ್ಸಿದ್ದ ಬೋರ್ಡು ತುಕ್ಕು ಹಿಡಿದು ನೆಲಕ್ಕೆ ಬಿದ್ದಿದೆ, ಎತ್ತಿ ನಿಲ್ಲಿಸೋರಿಲ್ಲ. ಇನ್ನೊಂದು ಕಡೆ ನಕಾಶೆ ಕಂಡ ದಾರಿ, ಅಂದ್ರೆ ಕಂದಾಯ ಇಲಾಖೆ ಗ್ರಾಮ ನಕ್ಷೆಯಲ್ಲೇ ಇರೋ ದಾರಿ, ಅಡ್ಡಕ್ಕೆ ತಂತಿ ಬೇಲಿ ಬಂದು ಮುಚ್ಚಿಹೋಗಿದೆ, ಹಂಗಾಗಿ ಲಾರಿ ಓಡಾಡೋ ಟಾರ್ ರೋಡಲ್ಲಿ ತುಂಬ ದೂರ ಸುತ್ತಾಡ್ಕೊಂಡು ಹೋಗ್ಬೇಕಾಯ್ತು. ಇದಕ್ಕೆಲ್ಲ ಆ ಹುಡುಗರನ್ನ ಬೈಯೋದು ನ್ಯಾಯ ಅಲ್ಲ. ನಾವು ಕೊಡೋ 4,000ದಲ್ಲಿ ಊಟ, ಗೈಡ್ ಕೂಲಿ, ವ್ಯಾನು ಕಳೆದ್ರೆ ಉಳಿಯೋದೆಷ್ಟು ಅಂತ ಯಾರಾದ್ರೂ ಲೆಕ್ಕ ಹಾಕಬಹುದು.

ಟಿಕೆಟ್ ಇಟ್ರೆ ಆಗಲ್ವಾ ಅಂತ ನಮ್ ಬ್ಯಾಚಲ್ಲೇ ಒಬ್ರು ಕೇಳಿದ್ರು. ಸ್ಕಂದಗಿರಿ ಥರ ಒಂದೇ ಬೆಟ್ಟ ಆದ್ರೆ ಆಗತ್ತೆ, ಬುಡದಲ್ಲಿ ಗೇಟು, ಆನ್‌ಲೈನ್ ಬುಕಿಂಗು, 2024ರಲ್ಲಿ ಕುಮಾರಪರ್ವತದ ಜನಜಂಗುಳಿ ಆದ್ಮೇಲೆ ದಿನಕ್ಕೆ 300 ಜನ ಅಂತ ಮಿತಿನೂ ಬಂತು. ಆದ್ರೆ ಬೆಟ್ಟದಿಂದ ಬೆಟ್ಟಕ್ಕೆ ಕೆರೆ ಏರಿ, ಹೊಲದ ಬದು, ಊರ ಬೀದಿ ದಾಟ್ಕೊಂಡು ಹೋಗೋ ದಾರಿಗೆ ಗೇಟ್ ಎಲ್ಲಿ ಹಾಕ್ತೀರ? ಅದೇ ದಾರೀಲಿ ಊರೋರು ದನ ಹೊಡ್ಕೊಂಡು ಹೋಗ್ತಾರೆ, ಮಕ್ಕಳು ಸ್ಕೂಲಿಗೆ ಹೋಗ್ತಾವೆ, ಅವರ ಹತ್ರ ದುಡ್ಡು ಕೇಳೋಕಾಗತ್ತಾ? ಅದಕ್ಕೇ ಉದ್ದದ ದಾರಿಗೆ ಸರ್ಕಾರದ ದುಡ್ಡೇ ಬೇಕು, ಅದೂ ಒಂದ್ಸಲ ಉದ್ಘಾಟನೆ ಮಾಡಿ ಬಿಡೋ ದುಡ್ಡಲ್ಲ, ವರ್ಷ ವರ್ಷ ತಪ್ಪದೆ ಬರೋದು.

ಬೇರೆ ಕಡೆ ಮಾಡಿದಾರೆ. ಇಂಗ್ಲೆಂಡಲ್ಲಿ ಪೆನ್ನೈನ್ ವೇ ಅಂತ ಸುಮಾರು 430 ಕಿಲೋಮೀಟರ್ ದಾರಿ, 1965ರಲ್ಲಿ ಓಪನ್ ಆಗಿದ್ದು. ಜನ ನಡೆದೂ ನಡೆದೂ ಜೌಗು ನೆಲ ಕಿತ್ತುಹೋದಾಗ ಹಳೇ ಹತ್ತಿ ಗಿರಣಿಗಳ ಚಪ್ಪಡಿ ಕಲ್ಲು ತಂದು ಹಾಸಿದ್ರು, ಇವತ್ತಿಗೂ ಅದರ ನಿರ್ವಹಣೆಗೆ ನ್ಯಾಚುರಲ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆಯ ಗ್ರಾಂಟ್ ಇದೆ. ಅಮೆರಿಕದ ಅಪಲೇಚಿಯನ್ ಟ್ರೇಲ್ 14 ರಾಜ್ಯ ದಾಟತ್ತೆ, ಸುಮಾರು 3,500 ಕಿಲೋಮೀಟರ್, ಗಿಡ ಸವರೋದು ಮೆಟ್ಟಿಲು ಕಟ್ಟೋದು ಬಹುಪಾಲು ವಾಲಂಟಿಯರ್‌ಗಳೇ, ಆದ್ರೆ ದಾರಿ ಉಳಿಸೋಕೆ ಜಮೀನು ಕೊಂಡಿದ್ದರಲ್ಲಿ ಒಂದು ಸರ್ಕಾರಿ ನಿಧಿಯ ಪಾಲು ದೊಡ್ಡದು. ಆ ನಿಧಿಗೆ ದುಡ್ಡು ಬರೋದು ಸಮುದ್ರದಲ್ಲಿ ತೈಲ, ಗ್ಯಾಸ್ ತೆಗೆಯೋ ಕಂಪನಿಗಳ ರಾಯಲ್ಟಿಯಿಂದ. ವರ್ಷಕ್ಕೆ 90 ಕೋಟಿ ಡಾಲರ್ ಅಂತ ಕಾಗದದಲ್ಲಿ ಇದ್ರೂ ಹೆಚ್ಚಿನ ವರ್ಷ ಪೂರ್ತಿ ಬಿಡುಗಡೆ ಆಗ್ತಿರ್ಲಿಲ್ಲ, 2020ರಲ್ಲಿ ಕಾನೂನು ಮಾಡಿ ಪೂರ್ತಿ ದುಡ್ಡು ಕಾಯಂ ಮಾಡಿದ್ರು. ಅದೇ ಕಾನೂನಲ್ಲಿ ದುರಸ್ತಿಗೆ ಇಟ್ಟ ಇನ್ನೊಂದು ನಿಧಿಗೆ ಮಾತ್ರ ಐದೇ ವರ್ಷ ಕೊಟ್ರು, 2021ರಿಂದ 2025. ಅಲ್ಲೂ ಜಾಗ ಕೊಳ್ಳೋ ದುಡ್ಡು ಕಾಯಂ, ರಿಪೇರಿ ದುಡ್ಡಿಗೆ ಗಡುವು.

ಇದನ್ನ ಓದ್ದಾಗ ನಂಗೆ ಹೊಳೆದಿದ್ದು ನಮ್ ಜಿಲ್ಲೆ ಗಣಿಗಳು. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣದ ಅದಿರು ತೆಗೆದಿದಾರೆ, 2015ರ ಗಣಿ ಕಾಯ್ದೆ ತಿದ್ದುಪಡಿ ಆದ್ಮೇಲೆ ಗಣಿಯೋರು ರಾಯಲ್ಟಿ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಗೂ ಕಟ್ಟಬೇಕು. ಅದು ಗಣಿಯಿಂದ ತೊಂದರೆ ಆದ ಊರುಗಳಿಗೆ, ಮೊದಲು ಕುಡಿಯೋ ನೀರು, ಆರೋಗ್ಯ, ಶಿಕ್ಷಣ ಅಂತ ನಿಯಮ ಇದೆ, ಅದು ಸರೀನೇ, ಅದನ್ನ ಮುಟ್ಟಬಾರದು. ಆದ್ರೆ ಕ್ವಾರಿಯೋರು ಸರ್ಕಾರಕ್ಕೆ ಕಟ್ಟೋ ರಾಯಲ್ಟೀಲಿ ಒಂದು ಸಣ್ಣ ಪಾಲನ್ನ ಹಿಂಗೇ ಕಾನೂನು ಮಾಡಿ ಬೆಟ್ಟದ ದಾರಿಗಳಿಗೆ ಅಂತ ಎತ್ತಿಡಬಹುದು. ಬೆಟ್ಟ ಒಡೆದು ಬಂದ ದುಡ್ಡಲ್ಲಿ ಉಳಿದ ಬೆಟ್ಟಕ್ಕೆ ಸ್ವಲ್ಪ ವಾಪಸ್ ಕೊಡೋದು ನಂಗೆ ನ್ಯಾಯ ಅನ್ಸತ್ತೆ. ಉದ್ಯೋಗ ಖಾತ್ರೀಲಿ ನಮ್ಮ ಹೊಲ ನಮ್ಮ ದಾರಿ ಅಂತ ಹೊಲಕ್ಕೆ ಹೋಗೋ ರಸ್ತೆ ಮಾಡಿದ್ರಲ್ಲ, ಆ ಥರದ ಕೂಲಿ ಕೆಲಸ ವರ್ಷಕ್ಕೆರಡು ಸಲ ಈ ದಾರೀಲಿ ಸಿಕ್ಕಿದ್ರೆ ಲಂಟಾನ ಸವರೋಕೆ ಊರೋರೇ ಬರ್ತಾರೆ. ಮಚ್ಚು ಹಿಡಿದು ಹೋಗ್ತಿರೋ ಹುಡುಗನೂ ಇದನ್ನೇ ಅಂದ, "ನಮಗೆ ದುಡ್ಡು ಕೊಡದಿದ್ರೂ ಪರ್ವಾಗಿಲ್ಲ ಕಣಣ್ಣ, ದಾರಿಗೆ ಕೊಟ್ರೆ ಸಾಕು."

ಹೋಗೋರಿಗೆ: ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ, ಬೇಸಿಗೇಲಿ ಮಧುಗಿರಿ ಬಂಡೆ ಕಾದಿರತ್ತೆ. ಉದ್ದ ತೋಳಿನ ಶರ್ಟು, ಗ್ರಿಪ್ ಇರೋ ಶೂ, ಎರಡು ದೊಡ್ಡ ಬಾಟ್ಲಿ ನೀರು ತಗೊಳ್ಳಿ. ಬುಕ್ ಮಾಡೋವಾಗ ಟಾರ್ ರೋಡ್ ಸುತ್ತು ಇನ್ನೂ ಇದ್ಯಾ ಅಂತ ಕೇಳಿ, ಮಕ್ಕಳು, ವಯಸ್ಸಾದೋರು ಜೊತೇಲಿದ್ರೆ ಅಷ್ಟು ದೂರಕ್ಕೆ ವ್ಯಾನ್ ಕಳಿಸ್ತಾರೆ.