ಗೇರ್ ಆಯಿಲ್ ಮುಟ್ಟದ ಹಲ್ಲುಗಳಿಗೆ ಒಂದು ಕಪ್ಪು ಟ್ಯೂಬ್: ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಬಳಸಿ ನೋಡಿದ್ದು

ಶಾಫ್ಟ್ ಡ್ರೈವ್ ಬೈಕ್, ಅಂದರೆ ಚೈನ್ ಬದಲು ತಿರುಗುವ ದಂಡದಿಂದ ಹಿಂದಿನ ಚಕ್ರ ಓಡಿಸುವ ಬೈಕ್ ಕೊಂಡವರು ಮೊದಮೊದಲು ಸ್ವಲ್ಪ ಬೀಗುತ್ತಾರೆ. ನಾನೂ ಬೀಗಿದೆ. ಚೈನ್‌ಗೆ ಎಣ್ಣೆ ಬಿಡುವ ಗೋಜಿಲ್ಲ, ಬಿಗಿ ಮಾಡುವ ಗೋಜಿಲ್ಲ, ಪ್ಯಾಂಟಿನ ಮೇಲೆ ಕಪ್ಪು ಚುಕ್ಕೆಗಳೂ ಇಲ್ಲ. ನನ್ನದು ಹಳೆಯ ಹೋಂಡಾ ಎಸ್‌ಟಿ1100. ಹಿಂದಿನ ಟೈರ್ ಸವೆದು ಚಕ್ರ ಬಿಚ್ಚುವ ದಿನ ಬಂದಾಗಲೇ ಗೊತ್ತಾದದ್ದು, ಈ ಬೈಕೂ ಜಿಡ್ಡು ಕೇಳುತ್ತದೆ, ಕೇಳುವ ಜಾಗ ಮಾತ್ರ ಹೊರಗಿನಿಂದ ಕಾಣುವುದಿಲ್ಲ ಅಂತ.

ಆ ಜಾಗ ಅಂದರೆ ಸ್ಪ್ಲೈನ್. ಫೈನಲ್ ಡ್ರೈವ್‌ನ (ಶಾಫ್ಟ್‌ನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ ಗೇರ್ ಪೆಟ್ಟಿಗೆ) ಉದ್ದುದ್ದ ಹಲ್ಲುಗಳು ಚಕ್ರದ ಫ್ಲಾಂಜ್‌ನ (ಚಕ್ರದ ನಡುವಿನ ಬಿಲ್ಲೆ) ಹಲ್ಲುಗಳೊಳಗೆ ಹೊಂದಿಕೊಂಡು ಕೂರುವ ಕಡೆ. ಫೈನಲ್ ಡ್ರೈವ್ ಒಳಗೆ ಹೈಪಾಯ್ಡ್ ಗೇರ್ ಆಯಿಲ್ ಇದೆ, ಅದನ್ನು ಬದಲಾಯಿಸಿದರೆ ಎಲ್ಲ ಮುಗಿಯಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಆ ಆಯಿಲ್ ಸೀಲ್‌ನ ಆಚೆಗೇ ಉಳಿಯುತ್ತದೆ, ಚಕ್ರದ ಕಡೆಯ ಹಲ್ಲುಗಳಿಗೆ ಅದರ ಒಂದು ಹನಿಯೂ ಸಿಗುವುದಿಲ್ಲ. ನಾವು ಬಳಿದಷ್ಟೇ ಅವುಗಳ ಪಾಲು.

ಮೊದಲ ಸಲ ನಾನು ಬಳಿದದ್ದು ಡಬ್ಬಿಯಲ್ಲಿದ್ದ ಸಾಮಾನ್ಯ ಲಿಥಿಯಂ ಗ್ರೀಸ್. ಕೈತುಂಬ ತೆಗೆದು, ಧಾರಾಳವಾಗಿಯೇ. ಮುಂದಿನ ಟೈರ್ ಹೊತ್ತಿಗೆ ಬಿಚ್ಚಿದರೆ ಗ್ರೀಸ್ ಇರಬೇಕಾದ ಕಡೆ ಒಣ ಇಟ್ಟಿಗೆ ಪುಡಿಯಂಥ ಕೆಂಪು ಹುಡಿ. ಗ್ರೀಸ್ ಎಲ್ಲ ಎಸೆಯಲ್ಪಟ್ಟು ಹಬ್‌ನ ಗೋಡೆಗೆ ಅಂಟಿಕೊಂಡಿತ್ತು. ಆ ಕೆಂಪು ಹುಡಿ ಮಳೆ ನೀರಿನ ತುಕ್ಕಲ್ಲ. ಹಲ್ಲಿಗೆ ಹಲ್ಲು ಕೂದಲೆಳೆಯಷ್ಟು ಅತ್ತಿತ್ತ ಉಜ್ಜುತ್ತಲೇ ಇರುವುದರಿಂದ ಉದುರಿದ ಉಕ್ಕು, ಗಾಳಿ ತಾಗಿ ಕೆಂಪಾದದ್ದು. ಅಂದರೆ ನನ್ನ ಸ್ಪ್ಲೈನೇ ಪುಡಿಯಾಗಿ ಬೆರಳಿಗೆ ಅಂಟಿಕೊಂಡಿತ್ತು. ಹಲ್ಲುಗಳ ತುದಿ ಇನ್ನೂ ಚೂಪಾಗಿರಲಿಲ್ಲ, ಅಷ್ಟರಮಟ್ಟಿಗೆ ಬಚಾವ್.

ಆಮೇಲೆ ತರಿಸಿದ್ದೇ ಈ ಟ್ಯೂಬ್. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನೋಡಬೇಕಾದ್ದು ಹೆಸರಲ್ಲ, ಶೇಕಡಾ. ಅಂಗಡಿಯಲ್ಲಿ 'ಮಾಲಿ ಗ್ರೀಸ್' ಎಂದು ಸಿಗುವುದರಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಸಾಮಾನ್ಯವಾಗಿ ಶೇ 3ರಿಂದ 5. ಈ ಕೆಲಸಕ್ಕೆ ಬೇಕಾದ್ದು ಶೇ 60ರ ಆಸುಪಾಸಿನ ಪೇಸ್ಟ್. ಹೋಂಡಾ ತಾನೇ ಒಂದು ಕಾಲದಲ್ಲಿ ಮಾರುತ್ತಿದ್ದ ಪೇಸ್ಟ್‌ಗೆ 'ಮಾಲಿ 60' ಅಂತಲೇ ಹೆಸರಿತ್ತು. ಎರಡೂ ಕಪ್ಪು, ಎರಡೂ ಜಿಡ್ಡು, ಹೊರಗಿನಿಂದ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಮೋಸಹೋಗಬೇಡಿ. ಈ ಡೈಸಲ್ಫೈಡ್ ಹಾಳೆ ಹಾಳೆಯಾಗಿ ಪದರಗಟ್ಟಿರುವ ವಸ್ತು, ಒತ್ತಡ ಬಿದ್ದರೆ ಒಂದು ಹಾಳೆ ಇನ್ನೊಂದರ ಮೇಲೆ ಜಾರುತ್ತದೆ. ಹಲ್ಲುಗಳ ನಡುವಿನಿಂದ ಎಣ್ಣೆ ಹಿಂಡಿ ಹೊರಗೆ ಹೋದರೂ ಈ ಪದರ ಲೋಹಕ್ಕೆ ಕಚ್ಚಿಕೊಂಡು ಉಳಿಯುತ್ತದೆ. ಶೇ 3ರಲ್ಲೂ ಆ ಗುಣ ಇದೆ, ಆದರೆ ಉಳಿಯಲು ಸರಕೇ ಸಾಲದು.

ಬಳಸುವ ಬಗೆ. ಸೀಮೆಎಣ್ಣೆ ಮತ್ತು ಹಳೆಯ ಟೂತ್‌ಬ್ರಷ್ ಹಿಡಿದು ಹಲ್ಲಿನ ಸಂದಿಯಲ್ಲಿ ಕೂತ ಹಳೆ ಗ್ರೀಸನ್ನು ಪೂರ್ತಿ ತೆಗೆಯಬೇಕು. ನಿಜವಾದ ಶ್ರಮ ಇಲ್ಲೇ. ಒರೆಸಿ ಒಣಗಿಸಿದ ಮೇಲೆ ಇನ್ನೊಂದು ಬ್ರಷ್‌ನಿಂದ ಪೇಸ್ಟ್ ಅನ್ನು ಹಲ್ಲಿನ ಎರಡೂ ಮಗ್ಗುಲಿಗೆ ತೆಳುವಾಗಿ ತಿಕ್ಕುವುದು. ಬಣ್ಣ ಬಳಿದ ಹಾಗೆ ಇರಬೇಕು, ಗಾರೆ ಮೆತ್ತಿದ ಹಾಗಲ್ಲ. ಹೆಚ್ಚಾದದ್ದು ಹೊರಗೆ ಹಾರಿ ರಿಮ್ ಮೇಲೋ ಬ್ರೇಕ್ ಡಿಸ್ಕ್ ಮೇಲೋ ಕೂತರೆ ಆಮೇಲೆ ಅಳಬೇಕಾಗುತ್ತದೆ. ಡ್ರೈವ್ ಶಾಫ್ಟ್‌ನ ಮುಂದಿನ ತುದಿಗೂ ಇದನ್ನೇ ಹಚ್ಚಿದೆ.

ಆ ಶಾಫ್ಟ್ ವಾಪಸ್ ಕೂರಿಸುವುದೇ ಈ ಕೆಲಸದ ಕುತ್ತಿಗೆ ಹಿಸುಕುವ ಭಾಗ. ಶಾಫ್ಟ್ ಬಂದು ಸೇರುವ ಬಾಗುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಹಿಂದಿನ ಚಕ್ರ ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮ್ ಒಳಗೆ ತಲೆ ತಗ್ಗಿಸಿ ಜೋತು ಬಿದ್ದಿರುತ್ತದೆ. ಭಾರವಾದ ಫೈನಲ್ ಡ್ರೈವ್ ಅನ್ನು ತೊಡೆಯ ಮೇಲಿಟ್ಟುಕೊಂಡು, ಕಾಣದ ತೂತಿಗೆ ಶಾಫ್ಟ್ ತೂರಿಸಬೇಕು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ, ಸೂಜಿ ಮಾತ್ರ ಮೊಣಕೈಯಷ್ಟು ದಪ್ಪ. ರಬ್ಬರ್ ಬೂಟನ್ನು ಹಿಂದೆ ಸರಿಸಿ ಬೆರಳಿನಿಂದ ಜಾಯಿಂಟ್ ಎತ್ತಿ ಹಿಡಿದೆ. ಬೈಕನ್ನು ಗೇರಿನಲ್ಲಿಟ್ಟಿದ್ದರಿಂದ ಆ ತುದಿ ತಿರುಗದೆ ನಿಂತಿತು. ಈ ಕಡೆಯಿಂದ ಫೈನಲ್ ಡ್ರೈವ್‌ನ ಹಲ್ಲುಗಳನ್ನು ಕೈಯಲ್ಲಿ ಮೆಲ್ಲಗೆ ಆಡಿಸುತ್ತ ತಳ್ಳಿದೆ. ಹತ್ತನೆಯ ಸಲಕ್ಕೋ ಹನ್ನೊಂದನೆಯ ಸಲಕ್ಕೋ 'ಟಕ್' ಅಂತ ಒಳಗೆ ಇಳಿಯಿತು. ಗ್ರೀಸ್ ಬಳಿದಿದ್ದಾಗ ಅರ್ಧಕ್ಕೆ ನಿಂತು ಸತಾಯಿಸುತ್ತಿದ್ದ ಶಾಫ್ಟ್ ಪೇಸ್ಟ್ ಹಚ್ಚಿದ ಮೇಲೆ ಸರಾಗವಾಗಿ ಜಾರಿತು ಅನ್ನಿಸಿತು. ನನಗೆ ಕೈ ಪಳಗಿದ್ದೂ ಒಂದು ಕಾರಣ ಇರಬಹುದು, ಪೂರ್ತಿ ಅಂಕ ಟ್ಯೂಬಿಗೇ ಕೊಡಲಾರೆ.

ಫೈನಲ್ ಡ್ರೈವ್ ಕೇಸ್‌ನ ನಟ್‌ಗಳನ್ನು ಆಗಲೇ ಬಿಗಿ ಮಾಡಲಿಲ್ಲ. ಬೆರಳಿನಲ್ಲಿ ತಿರುಗಿಸಿ ಬಿಟ್ಟು, ಚಕ್ರ ಏರಿಸಿ, ಆಕ್ಸಲ್ ತೂರಿಸಿ ಅದನ್ನು ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿದ ಮೇಲೇ ಕೇಸ್ ನಟ್. ಮೊದಲೇ ಬಿಗಿದುಬಿಟ್ಟರೆ ಫೈನಲ್ ಡ್ರೈವ್ ತನಗೆ ತೋಚಿದ ಕೋನದಲ್ಲಿ ನಿಂತುಬಿಡುತ್ತದೆ. ಹಲ್ಲುಗಳು ಓರೆಯಾಗಿ ತಿಕ್ಕುತ್ತವೆ. ಹಾಗಾದರೆ ಎಂಥ ಪೇಸ್ಟ್ ಹಚ್ಚಿಯೂ ಫಲವಿಲ್ಲ.

ಎಲ್ಲ ಮುಗಿಸಿ ಕೈ ತೊಳೆಯಲು ಹೊರಟಾಗ, ಅಷ್ಟು ಹೊತ್ತೂ ಟಾರ್ಚ್ ಹಿಡಿದು ಕೂತಿದ್ದ ಮಗಳು ಕೇಳಿದಳು, "ಅಪ್ಪಾ, ಈ ಬಳೆ ಎಲ್ಲಿಯದು?" ಬಳೆಯಲ್ಲ, ಆಕ್ಸಲ್‌ನ ಸ್ಪೇಸರ್. ಬಟ್ಟೆಯ ಮಡಿಕೆಯಲ್ಲಿ ಅಡಗಿ ಕೂತಿತ್ತು. ಮತ್ತೆ ಆಕ್ಸಲ್ ಹೊರಗೆ, ಚಕ್ರ ಹೊರಗೆ. ಹೋಗಲಿ, ಒಂದು ಲಾಭವಾಯಿತು: ಒಮ್ಮೆ ಕೂರಿಸಿ ಬಿಚ್ಚಿದ ಸ್ಪ್ಲೈನ್ ಮೇಲೆ ಪೇಸ್ಟ್ ಹೇಗೆ ಹರಡಿದೆ ಎಂದು ನೋಡಲು ಸಿಕ್ಕಿತು. ಎಲ್ಲ ಹಲ್ಲುಗಳ ಮೇಲೂ ಒಂದೇ ಸಮನಾದ ಕಪ್ಪು ಪದರ.

ಈಗ ದೂರುಗಳು. ಇಷ್ಟು ಗಲೀಜಿನ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಕಡಲೆ ಗಾತ್ರದ ಪೇಸ್ಟ್ ಎರಡು ಕೈ, ಒಂದು ಅಂಗಿ, ಬಾಗಿಲ ಹಿಡಿ, ಮಗಳ ಕೆನ್ನೆ ಇಷ್ಟನ್ನೂ ಕಪ್ಪು ಮಾಡುತ್ತದೆ. ಸೋಪಿಗೆ ಬಗ್ಗುವುದಿಲ್ಲ, ಕೈಗವಸು ಹಾಕಿಕೊಳ್ಳಿ. ಟ್ಯೂಬಿನ ಬಾಯಿ ಬೇಕಾದ್ದಕ್ಕಿಂತ ದೊಡ್ಡದು, ಒತ್ತಿದರೆ ಎರಡರಷ್ಟು ಬರುತ್ತದೆ. ಯಾವ ಯಾವ ಕಡೆ ಹಚ್ಚಬಾರದು ಎಂದು ಟ್ಯೂಬಿನ ಮೇಲೆ ಒಂದಕ್ಷರ ಇಲ್ಲ. ನಾನು ಹೇಳುತ್ತೇನೆ: ಆಕ್ಸಲ್ ಥ್ರೆಡ್‌ಗೆ ಹಚ್ಚಬೇಡಿ. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ ಟಾರ್ಕ್ ಅಂಕಿ ಒಣ ಥ್ರೆಡ್‌ನದ್ದು, ಈ ಜಾರುವ ವಸ್ತು ಮೆತ್ತಿದರೆ ಅದೇ ಅಂಕಿಯಲ್ಲಿ ಬೋಲ್ಟ್ ಬಹಳ ಹೆಚ್ಚು ಎಳೆಯಲ್ಪಡುತ್ತದೆ. ಚಕ್ರದ ಬೇರಿಂಗ್‌ಗೂ ಇದಲ್ಲ, ಅಲ್ಲಿಗೆ ಬೇರಿಂಗ್ ಗ್ರೀಸೇ ಸರಿ. ಹಲ್ಲು ಸವೆದು ಚೂಪಾಗಿದ್ದರೆ ಪೇಸ್ಟ್ ಅದನ್ನು ಮತ್ತೆ ಬೆಳೆಸುವುದಿಲ್ಲ, ಫ್ಲಾಂಜ್ ಬದಲಾಯಿಸಲೇಬೇಕು.

ಎಲ್ಲ ಶಾಫ್ಟ್ ಬೈಕಿಗೂ ಚಕ್ರದ ಕಡೆ ಸ್ಪ್ಲೈನ್ ಇರುವುದಿಲ್ಲ. 1980ರ ಬಿಎಂಡಬ್ಲ್ಯು ಆರ್80 ಜಿ/ಎಸ್‌ನಂತೆ ಒಂದೇ ಕೈಯ ಸ್ವಿಂಗ್‌ಆರ್ಮ್ ಇದ್ದರೆ ಚಕ್ರವನ್ನು ಕಾರಿನದ್ದರಂತೆ ಬೋಲ್ಟ್ ಬಿಚ್ಚಿ ತೆಗೆಯಬಹುದು. ಅಂಥವರಿಗೆ ಈ ಟ್ಯೂಬ್ ಶಾಫ್ಟ್ ಬಿಚ್ಚಿದ ದಿನ ಮಾತ್ರ ಬೇಕಾಗುತ್ತದೆ.

ಪೇಸ್ಟ್ ಹಚ್ಚಿದ ಮೇಲೆ ಒಂದು ಟೈರ್ ಪೂರ್ತಿ ಸವೆಸಿ ಹೋದ ವಾರ ಮತ್ತೆ ಬಿಚ್ಚಿದೆ. ಕೆಂಪು ಹುಡಿ ಇಲ್ಲ. ಬೂದು ಮಿಶ್ರಿತ ಕಪ್ಪು ಲೇಪ ಹಾಗೇ ಇದೆ, ಉಗುರಿನಿಂದ ಕೆರೆದರೂ ಪೂರ್ತಿ ಹೋಗಲಿಲ್ಲ. ಐದಕ್ಕೆ ನಾಲ್ಕು ಅಂಕ, ಒಂದು ಕಳೆದದ್ದು ಟ್ಯೂಬಿನ ಬಾಯಿಗೆ. ಒಳಗೆ ಇನ್ನೂ ಮುಕ್ಕಾಲು ಪಾಲು ಉಳಿದಿದೆ. ಮುಚ್ಚಳ ಸೀಳಿರುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ, ಮೇಲೆ ಮಗಳು 'ಮುಟ್ಟಬೇಡಿ' ಎಂದು ಬರೆದು ಅಂಟಿಸಿದ್ದಾಳೆ.