4 ಟಿಬಿ ಹಾರ್ಡ್ ಡಿಸ್ಕ್, ಐದು ವರ್ಷದ ಬಳಕೆ: ವಾರಂಟಿಗೆ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸು. 2020ರ ಜುಲೈನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ತಂದೆ. ಒಂದೇ ಕಂಪನಿ, ಒಂದೇ ಮಾಡೆಲ್, ಮೂರು ವರ್ಷ ವಾರಂಟಿ. ಒಂದು ದಿನನಿತ್ಯದ ಕೆಲಸಕ್ಕೆ, ಇನ್ನೊಂದು ಬ್ಯಾಕಪ್‌ಗೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕಿರುವುದು ಯಾವ ಕಂಪನಿಯ ಡಿಸ್ಕ್ ಇದ್ದರೂ ನಿಮಗೆ ಬೇಕಾಗುತ್ತದೆ.

ಡಿಸ್ಕ್ ಬಗ್ಗೆ ದೂರುವಂಥದ್ದು ಜಾಸ್ತಿ ಇಲ್ಲ. ಸದ್ದು ಕಡಿಮೆ. ಬೇಸಿಗೆಯಲ್ಲೂ ವಿಪರೀತ ಬಿಸಿಯಾಗಲಿಲ್ಲ. ದೊಡ್ಡ ಫೈಲ್ ಕಾಪಿ ಮಾಡುವಾಗ ಸೆಕೆಂಡಿಗೆ 150 ಎಂಬಿ ಹತ್ತಿರ ಸಿಗುತ್ತಿತ್ತು. 2022ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಒಳಗಿನಿಂದ ಟಕ್, ಟಕ್, ಟಕ್. ಗೋಡೆ ಗಡಿಯಾರದ ಹಾಗೆ. ವಿಂಡೋಸ್‌ಗೂ ಮುಂಚೆ ಬರುವ ಬಯಾಸ್ ಸೆಟ್ಟಿಂಗ್ಸ್‌ನಲ್ಲೂ ಡಿಸ್ಕ್ ಕಾಣಿಸಲಿಲ್ಲ.

ಬ್ಯಾಕಪ್ ಇತ್ತು, ಹಾಗಾಗಿ ಕೆಲಸ ನಿಲ್ಲಲಿಲ್ಲ. ವಾರಂಟಿಯೂ ಇತ್ತು. ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದೆ, ಐದು ನಿಮಿಷದಲ್ಲಿ ಕ್ಲೇಮ್ ಒಪ್ಪಿಗೆಯಾಯಿತು. ಡಿಸ್ಕನ್ನು ಬಬಲ್ ಶೀಟ್‌ನಲ್ಲಿ ಸುತ್ತಿ ಡಬ್ಬಿಗೂ ಹಾಕಿದೆ. ಆಮೇಲೆ ಫಾರಂ ಓದಿದೆ. ಕಳಿಸಿದ ಡಿಸ್ಕ್ ಕಂಪನಿಯ ಸ್ವತ್ತು. ಅದರೊಳಗಿನ ಡೇಟಾಗೆ ಕಂಪನಿ ಜವಾಬ್ದಾರಿಯಲ್ಲ. ಕಳಿಸುವ ಮುಂಚೆ ನೀವೇ ಅಳಿಸಿ.

ಕಾಣಿಸದ ಡಿಸ್ಕನ್ನು ಅಳಿಸುವುದು ಹೇಗೆ?

ಅದರಲ್ಲಿ ಸುಮಾರು ಮುನ್ನೂರು ಜನರ ಪ್ಯಾನ್, ಆಧಾರ್, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದವು. ನಮ್ಮಲ್ಲಿಗೆ ಬರುವ ರಿಟೈರ್ಡ್ ಮೇಷ್ಟ್ರೊಬ್ಬರು ಪ್ರತಿ ವರ್ಷ ಪಾಸ್‌ಬುಕ್ ಸ್ಕ್ಯಾನ್ ಮಾಡಿಸಿ ಹೇಳುತ್ತಿದ್ದರು: "ನಿನ್ನ ಹತ್ರ ಇದ್ರೆ ಭದ್ರ ಇರ್ತೈತಪ್ಪ." ಡಬ್ಬಿಗೆ ಟೇಪ್ ಹಚ್ಚುವಾಗ ಅವರ ಮಾತೇ ಕಿವಿಯಲ್ಲಿತ್ತು.

ಡಿಸ್ಕ್ ಸತ್ತಿತು ಅಂದರೆ ಅದರೊಳಗಿನದೂ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಟಕ್ ಟಕ್ ಸದ್ದು ಬಂದರೆ ಸಾಮಾನ್ಯವಾಗಿ ಕೆಟ್ಟಿರುವುದು ಓದುವ ಹೆಡ್. ಬರೆದದ್ದೆಲ್ಲ ಒಳಗಿನ ತಟ್ಟೆಗಳ ಮೇಲೆ ಇದ್ದ ಹಾಗೇ ಇರುತ್ತದೆ. ಹೆಡ್ ಬದಲಾಯಿಸಿದರೆ ಗೊತ್ತಿದ್ದವರು ಓದಬಲ್ಲರು. ನಾನೇ ಬಿಚ್ಚಿ ತಟ್ಟೆ ಹಾಳು ಮಾಡೋಣವೆಂದರೆ ಮುಚ್ಚಳದ ಸ್ಟಿಕ್ಕರ್ ಹರಿದ ಕ್ಷಣವೇ ವಾರಂಟಿ ಹೋಗುತ್ತದೆ. ವಾಪಸ್ ಹೋದ ಎಷ್ಟೋ ಡಿಸ್ಕ್‌ಗಳು ರಿಪೇರಿಯಾಗಿ ಇನ್ನೊಬ್ಬ ಗ್ರಾಹಕರ ಕೈ ಸೇರುತ್ತವೆ. ಅಮೆರಿಕದ ಎಂಐಟಿಯ ಇಬ್ಬರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಅವರು ಕೊಂಡ 158 ಹಳೆಯ ಡಿಸ್ಕ್‌ಗಳಲ್ಲಿ 129 ಕೆಲಸ ಮಾಡಿದವು. ಸರಿಯಾಗಿ ಅಳಿಸಿದ್ದವು ಬರೀ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕವು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ: ಡಿಸ್ಕ್ ನಾನೇ ಇಟ್ಟುಕೊಳ್ತೀನಿ, ಬೇಕಾದರೆ ಸ್ವಲ್ಪ ದುಡ್ಡು ಕೊಡ್ತೀನಿ, ಆಗುತ್ತಾ? "ಇಲ್ಲ ಸರ್, ಡಿಸ್ಕ್ ಬಂದ್ರೆ ಮಾತ್ರ ರೀಪ್ಲೇಸ್‌ಮೆಂಟ್." ಆ ಹುಡುಗ ಮರ್ಯಾದೆಯಾಗಿಯೇ ಮಾತಾಡಿದ. ನಾನು ಡಬ್ಬಿ ಬಿಚ್ಚಿ ಡಿಸ್ಕ್ ತೆಗೆದು ಬೀರುವಿನಲ್ಲಿಟ್ಟೆ. ಕ್ಲೇಮ್ ಬಿಟ್ಟೆ. ಹೊಸದೊಂದನ್ನು ದುಡ್ಡು ಕೊಟ್ಟು ತಂದೆ.

ಅದೇ ವಾರ ಹೊಸದು, ಬ್ಯಾಕಪ್‌ನದು ಎರಡಕ್ಕೂ ಬಿಟ್‌ಲಾಕರ್ ಹಾಕಿದೆ. ಪಾಸ್‌ವರ್ಡ್ ಇಲ್ಲದವರಿಗೆ ಓದಲಾಗದ ಹಾಗೆ ಡೇಟಾವನ್ನು ಗುಪ್ತ ಅಕ್ಷರಗಳಾಗಿ ಬದಲಿಸುವ, ಅಂದರೆ ಎನ್‌ಕ್ರಿಪ್ಟ್ ಮಾಡುವ ಸಾಫ್ಟ್‌ವೇರ್ ಅದು. ವಿಂಡೋಸ್ ಪ್ರೊ ಇದ್ದರೆ ಅದರಲ್ಲೇ ಇರುತ್ತದೆ. ಹೋಮ್ ಇದ್ದವರಿಗೆ ಅದೇ ಕೆಲಸ ಮಾಡುವ ವೆರಾಕ್ರಿಪ್ಟ್ ಉಚಿತ. ಇಲ್ಲೊಂದು ಕಡೆ ಹುಷಾರಾಗಿರಿ. ಬಿಟ್‌ಲಾಕರ್ ಶುರುವಿನಲ್ಲಿ ಕೇಳುತ್ತದೆ: ಬಳಸಿರುವ ಜಾಗವನ್ನಷ್ಟೇ ಎನ್‌ಕ್ರಿಪ್ಟ್ ಮಾಡಲೋ, ಇಡೀ ಡ್ರೈವನ್ನೋ? ಹೊಸ ಡಿಸ್ಕ್‌ಗೆ ಮೊದಲನೆಯದು ಸಾಕು. ಹಳೆಯದಕ್ಕೆ ಇಡೀ ಡ್ರೈವೇ ಆಗಬೇಕು. ಡಿಲೀಟ್ ಮಾಡಿದ ಫೈಲ್‌ಗಳು ಖಾಲಿ ಕಾಣುವ ಜಾಗದಲ್ಲಿ ಇನ್ನೂ ಕೂತಿರುತ್ತವೆ, ಅಲ್ವಾ? ರಾತ್ರಿ ಶುರು ಮಾಡಿ ಬಿಟ್ಟೆ, ಬೆಳಿಗ್ಗೆ ಮುಗಿದಿತ್ತು. 48 ಅಂಕಿಯ ರಿಕವರಿ ಕೀ ಪ್ರಿಂಟ್ ತೆಗೆದು ಒಂದು ಪ್ರತಿ ಬ್ಯಾಂಕ್ ಲಾಕರಿನಲ್ಲಿ, ಇನ್ನೊಂದು ಮನೆಯಲ್ಲಿ ಇಟ್ಟಿದ್ದೇನೆ. ಪಾಸ್‌ವರ್ಡ್ ಮರೆತು ಆ ಕೀಯೂ ಕಳೆದರೆ ನಿಮ್ಮ ಡೇಟಾ ನಿಮಗೂ ಸಿಗಲ್ಲ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸದ ವೇಗದಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

2023ರ ಮೇನಲ್ಲಿ ಹಳೆಯ ಜೋಡಿಯ ಎರಡನೇ ಡಿಸ್ಕ್ ತಕರಾರು ಶುರುಮಾಡಿತು. ಡಿಸ್ಕಿನ ಆರೋಗ್ಯ ನೋಡುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಳದಿ ಬಣ್ಣದ ಎಚ್ಚರಿಕೆ ತೋರಿಸಿತು, ಅಂದರೆ ಬ್ಯಾಡ್ ಸೆಕ್ಟರ್, ಡಿಸ್ಕಿನಲ್ಲಿ ಕೆಟ್ಟುಹೋದ ಸಣ್ಣ ಜಾಗಗಳು. ವಾರಂಟಿಗೆ ಇನ್ನೂ ಎರಡು ತಿಂಗಳಿತ್ತು. ಡಿಸ್ಕ್ ಇನ್ನೂ ಓಡುತ್ತಿತ್ತು, ಹಾಗಾಗಿ ಪೂರ್ತಿ ಫಾರ್ಮ್ಯಾಟನ್ನೂ ಕೊಟ್ಟೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪ್ರಯೋಜನವಿಲ್ಲ, ಅದು ಫೈಲ್‌ಗಳ ಪಟ್ಟಿಯನ್ನಷ್ಟೇ ತೆಗೆಯುತ್ತದೆ. ಆದರೆ ಕೆಟ್ಟ ಸೆಕ್ಟರ್‌ಗಳನ್ನು ಡಿಸ್ಕ್ ತಾನೇ ಪಕ್ಕಕ್ಕಿಟ್ಟು ಬೇರೆ ಜಾಗ ಬಳಸುತ್ತದೆ. ಪಕ್ಕಕ್ಕಿಟ್ಟ ಆ ಚೂರುಗಳನ್ನು ಯಾವ ಫಾರ್ಮ್ಯಾಟೂ ಮುಟ್ಟುವುದಿಲ್ಲ. ಎನ್‌ಕ್ರಿಪ್ಟ್ ಆಗಿದ್ದರಿಂದ ಆ ಚೂರುಗಳೂ ಯಾರಿಗೂ ಅರ್ಥವಾಗದ ಅಕ್ಷರಗಳಾಗಿದ್ದವು. ಈ ಸಲ ನೆಮ್ಮದಿಯಿಂದ ಕೊರಿಯರ್‌ಗೆ ಕೊಟ್ಟೆ. ತಟ್ಟೆಗಳ ಬದಲು ಚಿಪ್‌ಗಳಿರುವ ಎಸ್‌ಎಸ್‌ಡಿ ಇದ್ದವರಿಗಂತೂ ಎನ್‌ಕ್ರಿಪ್ಟ್ ಮಾಡುವುದು ಇನ್ನೂ ಮುಖ್ಯ, ಅದರಲ್ಲಿ ಮೇಲೆ ಬರೆದು ಅಳಿಸಿದೆ ಅಂದರೂ ಹಳೆಯದು ಬೇರೆ ಕಡೆ ಉಳಿದಿರಬಹುದು.

ಹನ್ನೆರಡು ದಿನಕ್ಕೆ ಬದಲಿ ಡಿಸ್ಕ್ ಬಂತು. ಲೇಬಲ್ ಮೇಲೆ "ರೀಸರ್ಟಿಫೈಡ್" ಅಂತ ಇತ್ತು. ಮೊದಲು ಯಾರದ್ದೋ ಆಗಿದ್ದ ಡಿಸ್ಕ್. ಅಳಿಸಿದ ಫೈಲ್‌ಗಳನ್ನು ಹುಡುಕುವ ಫೋಟೋರೆಕ್ ಸಾಫ್ಟ್‌ವೇರ್ ಹಾಕಿ ಇಡೀ ರಾತ್ರಿ ಹುಡುಕಿಸಿದೆ. ಒಂದು ಫೈಲೂ ಸಿಗಲಿಲ್ಲ, ಚೊಕ್ಕವಾಗಿ ಅಳಿಸಿದ್ದರು. ಆ ಮಟ್ಟಿಗೆ ಕಂಪನಿಗೆ ಮೆಚ್ಚುಗೆ. ಆದರೆ ಆ ಕೆಲಸ ಸರಿಯಾಗಿ ಆಗುತ್ತದೆಯೋ ಇಲ್ಲವೋ ಅಂತ ಕಳಿಸುವವರಿಗೆ ಗೊತ್ತಾಗುವ ದಾರಿ ಇಲ್ಲ. ಆ ಡಿಸ್ಕ್ ಇವತ್ತಿಗೂ ಓಡುತ್ತಿದೆ.

ಬೀರುವಿನಲ್ಲಿದ್ದ ಸತ್ತ ಡಿಸ್ಕನ್ನು ಕಳೆದ ವರ್ಷ ಪರಿಚಯದ ಲೇತ್ ವರ್ಕ್‌ಶಾಪ್‌ಗೆ ಒಯ್ದೆ. ಮುಚ್ಚಳ ತೆಗೆದರೆ ಒಳಗಿನ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನನ್ನ ಮುಖ ಕಾಣುತ್ತಿತ್ತು. ನಾಲ್ಕು ಕಡೆ ಡ್ರಿಲ್ ಹಾಕಿಸಿ, ನಾನೇ ನಿಂತು ನೋಡಿ ಬಂದೆ.

ಡಿಸ್ಕ್‌ಗೆ ಐದರಲ್ಲಿ ಮೂರು ಸ್ಟಾರ್, ಎರಡೂ ಮೂರು ವರ್ಷ ತುಂಬುವ ಮುಂಚೆಯೇ ಕೆಟ್ಟುಹೋದವು. ವಾರಂಟಿ ಸೇವೆಯ ವೇಗಕ್ಕೆ ನಾಲ್ಕು. ಗ್ರಾಹಕರ ಡೇಟಾ ವಿಷಯಕ್ಕೆ ಎರಡೇ. ಕೆಟ್ಟ ಡಿಸ್ಕ್ ತಾವೇ ಇಟ್ಟುಕೊಳ್ಳುವ ಸೌಲಭ್ಯವನ್ನು ಡೆಲ್, ಎಚ್‌ಪಿಯಂಥವರು ದೊಡ್ಡ ಆಫೀಸುಗಳಿಗೆ ಹೆಚ್ಚುವರಿ ಹಣಕ್ಕೆ ಮಾರುತ್ತಾರೆ. ಅಂಗಡಿಯಲ್ಲಿ ಒಂದೆರಡು ಡಿಸ್ಕ್ ಕೊಳ್ಳುವ ನನ್ನಂಥವರಿಗೂ ಅದು ಸಿಕ್ಕ ದಿನ ಈ ಎರಡನ್ನು ಬಂದು ತಿದ್ದುತ್ತೇನೆ.